ಮನೆ ಶೆಡ್ಡಿನ ಸಣ್ಣ ಮಿಲ್ಲಿಂಗ್ ಮಷಿನ್‌ಗೆ ಒಳ್ಳೆ ಕೊಲೆಟ್ ಯಾವುದು?

ಪ್ರಶ್ನೆ, ಬಳ್ಳಾರಿ: ಸ್ಪಿಂಡಲ್ (ಕಟರ್ ತಿರುಗಿಸೋ ದಂಡ) ಒಳಗಿನ ಟೇಪರ್, ಅಂದ್ರೆ ಇಳಿಜಾರು ತೂತು, ಎಂಟಿ3 ಅಳತೆ; ಅದರೊಳಗೆ ಚಕ್ಕನ್ನ ಮೇಲಿಂದ ಎಳೆದು ಬಿಗಿಯೋ ಡ್ರಾಬಾರ್ ಎಂ12. ಈಆರ್32 ಅಳತೆಯ ಚಕ್ (ಕೊಲೆಟ್ ಕೂರೋ ಹಿಡಿಕೆ) ಜೊತೆ 18 ಕೊಲೆಟ್‌ಗಳ (ಕಟರನ್ನ ಬಿಗಿಹಿಡಿಯೋ ಸೀಳುಳ್ಳ ಕೊಳವೆ) ಅಗ್ಗದ ಸೆಟ್ ಇದೆ. 12 ಮಿ.ಮೀ. ಕಟರ್ ಚೆನ್ನಾಗೇ ಓಡ್ತದೆ, 3 ಮತ್ತು 4 ಮಿ.ಮೀ. ಎಂಡ್ ಮಿಲ್ ಮಾತ್ರ ಪಟಪಟ ಮುರೀತಾವೆ. ಬೇರೆ ಕೊಲೆಟ್ ತರಬೇಕಾ? ಎಲ್ಲಿ ಸಿಗ್ತಾವೆ? ಬಲ್ಲವರು ಹೇಳ್ರಿ.

ಗಂಗಾವತಿಯಿಂದ: ರೊಕ್ಕ ಬಿಚ್ಚೋಕೆ ಮುಂಚೆ ಲಿವರ್ ಡಯಲ್ (ಸಣ್ಣ ಏರಿಳಿತ ಮುಳ್ಳಿನಿಂದ ತೋರಿಸೋ ಮಾಪಕ) ಹಿಡೀರಿ. 3 ಮಿ.ಮೀ. ಕಟರಿನ ಒಂದು ಹಲ್ಲು ಒಂದು ಸುತ್ತಿಗೆ ಕಡಿಯೋದೇ 0.01ರಿಂದ 0.02 ಮಿ.ಮೀ. ಔಟ್, ಅಂದ್ರೆ ಕಟರ್ ನಡುವಿಂದ ಸರಿದು ತಿರುಗೋದು, 0.03 ಇದ್ದರೆ ಇಡೀ ಭಾರ ಒಂದೇ ಹಲ್ಲಿನ ಮೇಲೆ ಬೀಳ್ತದೆ. ದೊಡ್ಡ ಕಟರ್ ಅದನ್ನ ತಡಕೊಳ್ತದೆ, ಸಣ್ಣದು ಮುರೀತದೆ.

ಮೊದಲು ಚಕ್ ತೆಗೆದು ಸ್ಪಿಂಡಲ್ ಟೇಪರಿನ ಒಳಗೇ ಡಯಲ್ ಹಚ್ಚಿ, ಕೈಯಿಂದ ತಿರುಗಿಸಿ. 0.01ರೊಳಗಿದ್ದರೆ ಸ್ಪಿಂಡಲ್ ಬಗ್ಗೆ ಚಿಂತೆ ಬೇಡ. ಆಮೇಲೆ ಚಕ್ ಹಾಕಿ, ಕೊಲೆಟ್ ಕೂರೋ ಇಳಿಜಾರು ಗೋಡೆ ನೋಡಿ. ಅದೂ ಸರಿ ಇದ್ದರೆ 10 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್ಲನ್ನ ಹಲ್ಲು ಒಳಗೆ ಹೋಗದ ಹಾಗೆ, ಶ್ಯಾಂಕ್ (ಕಟರಿನ ಹಲ್ಲಿಲ್ಲದ ಹಿಡಿ) ಒಂದಷ್ಟು ಹೊರಗೆ ಬಿಟ್ಟು ಹಿಡಿದು, ಶ್ಯಾಂಕ್ ಮೇಲೆ ಡಯಲ್ ಇಡಿ. ಎತ್ತರ ಬಂದ, ಅಂದ್ರೆ ಮುಳ್ಳು ಅತಿ ಹೆಚ್ಚು ತೋರಿಸಿದ ಜಾಗಕ್ಕೆ ಮಾರ್ಕರಿನಿಂದ ಗುರುತು ಹಾಕಿ. ಕೊಲೆಟನ್ನ ಚಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ ಮತ್ತೆ ಹಿಡೀರಿ. ಎತ್ತರ ಕೊಲೆಟ್ ಜೊತೆ ಸರಿದರೆ ದೋಷ ಕೊಲೆಟಿಂದು, ಚಕ್ಕಿನ ಅದೇ ಜಾಗದಲ್ಲಿ ನಿಂತರೆ ಚಕ್ಕು ಇಲ್ಲಾ ಸ್ಪಿಂಡಲ್ಲು. ಆ ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಚಕ್ಕನ್ನ ಸ್ಪಿಂಡಲಿನಲ್ಲಿ ಅರ್ಧ ಸುತ್ತು ತಿರುಗಿಸಿ ನೋಡಿ. ಚಕ್ಕೇ ಸೊಟ್ಟ ಇದ್ದರೆ ಎಷ್ಟು ದುಬಾರಿ ಕೊಲೆಟ್ ತಂದರೂ ದಂಡ.

ರಾಯಚೂರಿನಿಂದ: 18ರ ಸೆಟ್ ಮತ್ತೆ ತರಬ್ಯಾಡ್ರಿ. ಒಳ್ಳೆ 3, 4, 5 ಮಿ.ಮೀ. ಎಂಡ್ ಮಿಲ್‌ಗಳಿಗೆ ಶ್ಯಾಂಕ್ ಬಹುಮಟ್ಟಿಗೆ 6 ಮಿ.ಮೀ. ಇರ್ತದೆ. ಹಂಗಾಗಿ 6, 8, 10, 12, ಈ ನಾಲ್ಕನ್ನೇ ಬಿಡಿಯಾಗಿ ಒಳ್ಳೆ ದರ್ಜೆಯಲ್ಲಿ ತಗೊಳ್ರಿ. ಅರ್ಧ ಇಂಚಿನ ಕಟರ್ ಇದ್ದರೆ 13 ಒಂದು ಸೇರಿಸ್ರಿ, 12.7 ಅದರೊಳಗೆ ಕೂರ್ತದೆ. ಈಆರ್32 ಕೊಲೆಟ್ 1 ಮಿ.ಮೀ. ತನಕ ಮುಚ್ಚಿಕೊಳ್ತದೆ ನಿಜ. ಹಂಗಂತ 12ರ ಶ್ಯಾಂಕನ್ನ 13ರಲ್ಲಿ ಹಿಡಿದರೆ ಪೂರ್ತಿ ಮೈ ತಾಗಲ್ಲ, ಔಟ್ ಜಾಸ್ತಿ, ಹಿಡಿತ ಕಡಿಮೆ.

ಅಂಗಡಿಯಲ್ಲಿ ರನ್‌ಔಟ್ (ಮೇಲೆ ಹೇಳಿದ ಔಟೇ) ಎಷ್ಟು ಮೈಕ್ರಾನ್ ಅಂತ ಬರೆದಿದ್ದನ್ನೇ ಕೇಳ್ರಿ, 10ರ (0.01 ಮಿ.ಮೀ.) ಒಳಗಿಂದು ನಮ್ಮ ಕೆಲಸಕ್ಕೆ ಧಾರಾಳ ಸಾಕು. ಸೀಳುಗಳೊಳಗೆ ಉಗುರು ಆಡಿಸಿದಾಗ ಬರ್ (ಚೂಪಾದ ಲೋಹದ ಸಿಬಿರು) ತಾಗಬಾರದು. ರಾಯಚೂರಿನವರಿಗೆ ಸಿಕಂದರಾಬಾದಿನ ರಾಣಿಗಂಜ್ ಹತ್ತಿರ, ಬಳ್ಳಾರಿಯವರಿಗೆ ಬೆಂಗಳೂರಿನ ಪೀಣ್ಯ ಕಡೆ ವಿಚಾರಿಸೋದು ಲೇಸು. ನಟ್ಟೂ ಹೊಸದು ಬೇಕಿದ್ದರೆ ಥ್ರೆಡ್ ಎಂ40×1.5 ಅಂತ ಹೇಳಿ ತರ್ರಿ.

ಕೊಪ್ಪಳದಿಂದ: ಎಂಟಿ3 ಕೊಲೆಟನ್ನೇ ನೇರವಾಗಿ ಸ್ಪಿಂಡಲಿಗೆ ಹಾಕೋದೂ ಒಂದು ದಾರಿ. ಚಕ್ ನುಂಗೋ 50-60 ಮಿ.ಮೀ. ಎತ್ತರ ಉಳೀತದೆ, ಸಣ್ಣ ಮಷಿನಿಗೆ ಅದು ದೊಡ್ಡ ಲಾಭ, ಅದುರೋದೂ ಕಮ್ಮಿ. ಆದರೆ ಒಂದು ಕೊಲೆಟಿಗೆ ಒಂದೇ ಅಳತೆ. ಕೆಲಸ ಮುಗಿದ ಮೇಲೆ ಅದನ್ನ ಸ್ಪಿಂಡಲಿನಲ್ಲೇ ಬಿಟ್ಟು ಹೋಗಬೇಡಿ. ಓಡಿ ಬಿಸಿಯಾದ ಸ್ಪಿಂಡಲಿಗೆ ತಣ್ಣನೆ ಕೊಲೆಟ್ ಬಿಗಿದಿದ್ದರೆ, ಸ್ಪಿಂಡಲ್ ತಣಿದಾಗ ಅದನ್ನ ಕಚ್ಚಿ ಹಿಡೀತದೆ. ಡ್ರಾಬಾರ್ ಎರಡು ಸುತ್ತು ಸಡಿಲಿಸಿ, ಅದರ ತಲೆಗೆ ಹಿತ್ತಾಳೆ ಸುತ್ತಿಗೆಯಿಂದ ಒಂದೇಟು ಹಾಕಿ. ಪೂರ್ತಿ ಬಿಚ್ಚಿ ಹೊಡೆದರೆ ಥ್ರೆಡ್ ಹಾಳು.

ಸಂಡೂರಿನಿಂದ: ಅದಿರಿನ ಕೆಂಪು ಧೂಳು ಮರೀಬೇಡಿ. ಟೇಪರಿನ ಮೇಲೆ ಒಂದು ಕಣ ಕೂತರೂ ಡಯಲ್ ಮುಳ್ಳು ಓಡ್ತದೆ. ಪ್ರತಿ ಸಲ ಸೀಮೆಎಣ್ಣೆ ಅದ್ದಿದ ಬ್ರಷ್ಷು, ಆಮೇಲೆ ಒಣ ಬಟ್ಟೆ. ಟೇಪರಿಗೆ ಎಣ್ಣೆ ಬಳಿದು ಬಿಡಬೇಡಿ, ಧೂಳು ಅಂಟ್ತದೆ.

ಪ್ರಶ್ನೆ ಕೇಳಿದವರು: ಅಳೆದೆ. ಸ್ಪಿಂಡಲ್ 0.008, ಚಕ್ 0.01, ಶ್ಯಾಂಕ್ ಮೇಲೆ 0.06! ಕೊಲೆಟನ್ನ ಚಕ್ಕಿಗೆ ಇಳಿಸಿ, ಮೇಲಿಂದ ನಟ್ ತಿರುಗಿಸ್ತೀನಿ, ಸರಿ ತಾನೇ?

ಗಂಗಾವತಿಯಿಂದ: ಅಲ್ಲೇ ತಪ್ಪಿರೋದು. ನಟ್ಟಿನೊಳಗೆ ಓರೆಯಾಗಿ ಕೂತ ಒಂದು ಬಳೆ ಇದೆ. ಕೊಲೆಟನ್ನ ಖಾಲಿ ಇದ್ದಾಗಲೇ ವಾರೆ ಮಾಡಿ ಅದರ ಸುತ್ತ ಕೊರೆದ ಸಾಲಿಗೆ ಆ ಬಳೆ ಸಿಗಿಸಿ, ಒತ್ತಿ ನೆಟ್ಟಗೆ ಮಾಡಿ, ಟಕ್ ಅಂತ ಕೂರಬೇಕು. ಆಮೇಲೆ ನಟ್ಟನ್ನ ಚಕ್ಕಿಗೆ ಎರಡು ಎಳೆ ಹಚ್ಚಿ, ಕೊನೆಗೆ ಕಟರ್ ತೂರಿಸಿ. ಶ್ಯಾಂಕ್ ಕೊಲೆಟಿನ ಉದ್ದದ ಮೂರರಲ್ಲಿ ಎರಡು ಪಾಲಾದರೂ ಒಳಗಿರಬೇಕು. ನೀವು ಮಾಡೋ ಹಾಗಾದರೆ ಬಳೆ ಕೊಲೆಟಿನ ಮುಖವನ್ನ ಒಂದೇ ಮಗ್ಗುಲಿಗೆ ಒತ್ತತದೆ, ಬಿಚ್ಚುವಾಗ ಕೊಲೆಟ್ ಚಕ್ಕಿನಲ್ಲೇ ಉಳೀತದೆ. ಬಳೆಯ ಅಂಚು ಚಕ್ಕೆ ಎದ್ದಿದೆಯಾ ನೋಡಿ. ಎದ್ದಿದ್ದರೆ ಮೊದಲು ನಟ್ ಬದಲಿಸಿ ಅಳೀರಿ, ಕೊಲೆಟ್ ವಿಚಾರ ಆಮೇಲೆ.