ಮಳೆಗಾಲದಲ್ಲಿ ಕಾರ್ಬುರೇಟರ್ ಕಾರು ದಾರಿಯಲ್ಲೇ ಬಂದ್: ಮ್ಯಾನಿಫೋಲ್ಡ್ ತಣ್ಣಗಿರೋದು ಕಾರಣವಾ?

ತೀರ್ಥಹಳ್ಳಿ_796
796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಇಂಜಿನ್. ಜಡಿಮಳೆಯ ಬೆಳಿಗ್ಗೆ ಆಗುಂಬೆ ಕಡೆ ಹೊರಟರೆ ಕಾಲು ಗಂಟೆಯಲ್ಲಿ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಾಗಿನ ಓಟ) ಬಿದ್ದು ಬಂದ್ ಆಗುತ್ತೆ. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಸಲೀಸಾಗಿ ಓಡುತ್ತೆ. ಪ್ಲಗ್, ಪೆಟ್ರೋಲ್ ಫಿಲ್ಟರ್ ಹೊಸದು. ಬೇಸಿಗೆಯಲ್ಲಿ ಬಿಸಿಯಾಗುತ್ತೆ ಅಂತ ಗ್ಯಾರೇಜಿನವರು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆಗೆದಿದ್ದಾರೆ.

ಸಾಗರ_ಫಿಟ್ಟರ್
ಕಾರ್ಬುರೇಟರ್ ಒಳಗೆ ಐಸ್ ಕಟ್ಟುತ್ತಿದೆ ಸರ್. ಪೆಟ್ರೋಲ್ ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತೆ, ವೆಂಚುರಿ (ಕಾರ್ಬುರೇಟರಿನ ಕಿರಿದಾದ ಗಂಟಲು) ದಾಟುವಷ್ಟರಲ್ಲಿ ಗಾಳಿ 20 ಡಿಗ್ರಿಯಷ್ಟು ತಣ್ಣಗಾಗಬಹುದು. ಹೊರಗೆ 18–20 ಡಿಗ್ರಿ, ಜೊತೆಗೆ ನಮ್ಮ ಮಲೆನಾಡಿನ ತೇವ. ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಪ್ಲೇಟಿನ ಅಂಚಿಗೆ ಐಸ್ ಕೂತು ಐಡಲ್ ರಂಧ್ರ ಮುಚ್ಚುತ್ತೆ. ನಿಲ್ಲಿಸಿದ ಮೇಲೆ ಇಂಜಿನ್ನಿನ ಶಾಖ ಮೇಲೇರಿ ಕರಗುತ್ತೆ. ಈಥೆನಾಲ್ ಆವಿಯಾಗೋಕೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಹಾಗಾಗಿ ಈಗಿನ ಈಥೆನಾಲ್ ಬೆರೆಸಿದ ಪೆಟ್ರೋಲಿನಲ್ಲಿ ತೊಂದರೆ ಇನ್ನೂ ಜಾಸ್ತಿ.

ಏರ್ ಕ್ಲೀನರ್ ಮೂತಿಯಲ್ಲಿ ಬೇಸಿಗೆ-ಚಳಿ ಲಿವರ್ ಇದ್ದರೆ ಚಳಿ ಕಡೆಗಿಡಿ. ಎಕ್ಸಾಸ್ಟ್ ಕಡೆಯಿಂದ ಬರುವ ಬಿಸಿಗಾಳಿ ಪೈಪ್ ಹರಿದಿದೆಯಾ ನೋಡಿ.

ಸ್ಪ್ಯಾನರ್_13
ಐಸ್ ಹೌದು, ಆದರೆ ಬೇರು ಥರ್ಮೋಸ್ಟಾಟಿನಲ್ಲಿದೆ. ಈ ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡನ್ನು (ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆ) ಬಿಸಿ ಮಾಡೋದೇ ಕೂಲೆಂಟ್. ಥರ್ಮೋಸ್ಟಾಟ್ ಇಲ್ಲದಿದ್ದರೆ ಅದು ಸದಾ ರೇಡಿಯೇಟರ್ ಸುತ್ತಿ ಬರುತ್ತೆ, ಮಳೆಯಲ್ಲಿ ಬಿಸಿ ಏರೋದೇ ಇಲ್ಲ. ಪೆಟ್ರೋಲ್ ಮ್ಯಾನಿಫೋಲ್ಡ್ ಗೋಡೆಗೆ ಹನಿಯಾಗಿ ಅಂಟುತ್ತೆ, ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಮ್ಮಿ. ಪ್ಲಗ್ ಕಪ್ಪಾಗುತ್ತೆ, ಉರಿಯದ ಪೆಟ್ರೋಲ್ ಆಯಿಲ್ಲಿಗೂ ಇಳಿಯುತ್ತೆ.

82 ಡಿಗ್ರಿಯ ಥರ್ಮೋಸ್ಟಾಟ್ ತಂದು, ಮೊದಲು ಪಾತ್ರೆಯ ನೀರಲ್ಲಿ ಕಾಯಿಸಿ ತೆರೆಯುತ್ತಾ ನೋಡಿ. ಕೂರಿಸುವಾಗ ಗಾಳಿ ಹೋಗುವ ಸಣ್ಣ ರಂಧ್ರ ಮೇಲಿರಲಿ. ಇಂಜಿನ್ ತಣ್ಣಗಿದ್ದಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು, ಹೀಟರ್ ತೆರೆದಿಟ್ಟು, ಐಡ್ಲಿಂಗಿನಲ್ಲಿ ಕೂಲೆಂಟ್ ತುಂಬಿಸುತ್ತಾ ಗುಳ್ಳೆ ನಿಲ್ಲುವವರೆಗೆ ಕಾಯಿರಿ. ಮ್ಯಾನಿಫೋಲ್ಡ್ ಎತ್ತರದಲ್ಲಿದೆ, ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತೆ. ಆಮೇಲೆ ಅದರ ಎರಡೂ ಹೋಸ್ ಮುಟ್ಟಿ: ಒಂದು ಮಾತ್ರ ಬಿಸಿ ಇದ್ದರೆ ಒಳಗೆ ತುಕ್ಕು ಕಟ್ಟಿದೆ. ಬೇಸಿಗೆಯ ಬಿಸಿಗೆ ರೇಡಿಯೇಟರ್, ಫ್ಯಾನ್ ಸ್ವಿಚ್ ನೋಡಬೇಕಿತ್ತು.

ತೀರ್ಥಹಳ್ಳಿ_796
ಲಿವರ್ ವರ್ಷವಿಡೀ ಚಳಿ ಕಡೆ ಇರಬಹುದಾ?

ಸಾಗರ_ಫಿಟ್ಟರ್
ಬೇಡ. ಒಳಹೋಗುವ ಗಾಳಿ 30ರಿಂದ 60 ಡಿಗ್ರಿಗೆ ಏರಿದರೆ ಸಾಂದ್ರತೆ ಸುಮಾರು ಶೇ. 9 ಇಳಿಯುತ್ತೆ. ಘಾಟಿಯಲ್ಲಿ ಪಿಕಪ್ ಸಾಲದು ಅನ್ನಿಸೋದು ಅದಕ್ಕೇ. ಮಳೆ ಮುಗಿದ ಕೂಡಲೇ ಬೇಸಿಗೆ ಕಡೆಗೆ ತಿರುಗಿಸಿ.

ಬಿಸಿ ಹೆಚ್ಚಾದರೂ ತೊಂದರೆ: ಸೋಮೇಶ್ವರದಿಂದ ಘಾಟಿ ಹತ್ತಿ ಆಗುಂಬೆಯಲ್ಲಿ ನಿಲ್ಲಿಸಿದಾಗ ಫ್ಲೋಟ್ ಬೌಲಿನ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಇಳಿಯಬಹುದು. ಆಗ ಚೋಕ್ ಎಳೆಯಬೇಡಿ, ಆಕ್ಸಿಲರೇಟರ್ ಪಂಪ್ ಮಾಡಬೇಡಿ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಕಾರ್ಬುರೇಟರ್ ಅಡಿಯ, ಶಾಖ ತಡೆಯುವ ಬೇಕಲೈಟ್ ಸ್ಪೇಸರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಐಡ್ಲಿಂಗಿನಲ್ಲಿ ಅದರ ಸುತ್ತ ಸ್ವಲ್ಪ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ.