ಪ್ರಶ್ನೋತ್ತರ: ತ್ರಾಸಿಲ್ಲದಾಗ ಕ್ಯಾನ್ಸರ್ ತಪಾಸಣಿ ಯಾಕ?

ಪ್ರಶ್ನೆ (ಜಮಖಂಡಿ ತಾಲೂಕು): ನಮಸ್ಕಾರ್ರೀ ಮೇಡಂ. ಆಶಾ ಅಕ್ಕಾರು ತಪಾಸಣಿಗೆ ಬರ್ರಿ ಅಂತ ಮನಿಗೆ ಬಂದು ಹೇಳ್ಯಾರ. ನನಗ 36, ನಮ್ಮ ಅತ್ತಿಯವರಿಗೆ 58. "ಮುಟ್ಟು ನಿಂತು ಎಂಟ್ ವರ್ಷ ಆತು, ಏನೂ ತ್ರಾಸಿಲ್ಲ, ನನಗ್ಯಾಕ" ಅಂತಾರ. ಅಲ್ಲಿ ಏನ್ ಮಾಡ್ತಾರ್ರೀ? ನೋವಾಗತೈತೇನು?

ಉತ್ತರ (ಸ್ತ್ರೀರೋಗ ತಜ್ಞೆ): ತ್ರಾಸಿಲ್ಲದವರಿಗಾಗೇ ಈ ತಪಾಸಣೆ ಇರೋದ್ರೀ. ರಕ್ತ ಹೋಗುತ್ತಿದ್ದರೆ, ವಾಸನೆಯ ಬಿಳಿ ಹೋಗುತ್ತಿದ್ದರೆ ಶಿಬಿರಕ್ಕೆ ಕಾಯದೆ ನೇರ ಡಾಕ್ಟರ್ ಹತ್ತಿರ ಹೋಗಬೇಕು. ಗರ್ಭಕೊರಳಿನ (ಗರ್ಭಚೀಲದ ಬಾಯಿಯ) ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ವೈರಾಣು. ಅದು ಬಹುಪಾಲು ಹೆಂಗಸರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಉಳಿದುಕೊಂಡರೆ ಕೋಶಗಳು ಕೆಟ್ಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಮೇಲೆ ಹಿಡಿಯುತ್ತದೆ. ಅಷ್ಟು ದಿನ ಮೈಗೆ ಏನೂ ಗೊತ್ತಾಗುವುದಿಲ್ಲ.

ನಿಮಗೆ ಆರೋಗ್ಯ ಕೇಂದ್ರದಲ್ಲಿ ಮಾಡುವುದು ವಿಐಎ. ಸ್ಪೆಕ್ಯುಲಮ್ (ಒಳಗೆ ಅಗಲಿಸಿ ಹಿಡಿಯುವ ಸಾಧನ) ಹಾಕಿ, ಬೆಳಕು ಬಿಟ್ಟು, ಹತ್ತಿಯಲ್ಲಿ 5% ಅಸಿಟಿಕ್ ಆಮ್ಲ ಅದ್ದಿ ಗರ್ಭಕೊರಳಿಗೆ ಹಚ್ಚುತ್ತಾರೆ. ಪೂರ್ತಿ ಒಂದು ನಿಮಿಷ ಕಾಯಬೇಕು. ಅವಸರ ಮಾಡಿದರೆ ಕಲೆ ತಪ್ಪಿಹೋಗುತ್ತದೆ. ಕೆಟ್ಟ ಕೋಶಗಳ ಜಾಗ ಗಟ್ಟಿ ಬಿಳಿಯಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಸ್ವಲ್ಪ ಉರಿ ಅನಿಸಬಹುದು, ಅಷ್ಟೇ. ಮೈ ಬಿಗಿ ಹಿಡಿದರೆ ಸ್ಪೆಕ್ಯುಲಮ್ ಹೆಚ್ಚು ನೋಯುತ್ತದೆ. ಮುಟ್ಟಿನ ದಿನ ಹೋಗಬೇಡಿ.

ಅತ್ತೆಯವರಿಗೆ ವಿಐಎ ಸಾಲದು. ಮುಟ್ಟು ನಿಂತ ಮೇಲೆ ನೋಡಬೇಕಾದ ಗೆರೆ (ಎರಡು ಬಗೆಯ ಕೋಶಗಳು ಕೂಡುವ ಜಾಗ) ಕೊರಳಿನ ಒಳಗೆ ಸರಿದಿರುತ್ತದೆ, ಕಣ್ಣಿಗೆ ಸಿಗುವುದಿಲ್ಲ. "ನಾರ್ಮಲ್" ಅಂತ ಬರೆದರೂ ಅದಕ್ಕೆ ಅರ್ಥವಿಲ್ಲ. ಅವರಿಗೆ ಎಚ್‌ಪಿವಿ ಪರೀಕ್ಷೆ ಕೇಳಿ, ಇಲ್ಲದಿದ್ದರೆ ಪ್ಯಾಪ್ (ಕೊರಳಿನ ಕೋಶ ಕೆರೆದು ಸ್ಲೈಡಿಗೆ ಎಳೆದು ಲ್ಯಾಬಿನಲ್ಲಿ ನೋಡುವುದು). ನಮ್ಮ ವಿಜಯಪುರದಿಂದ ಸೊಲ್ಲಾಪುರ ದಾಟಿದರೆ ಸಿಗುವ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ ಹೆಂಗಸರ ಮೇಲೆ ಈ ಮೂರೂ ಪರೀಕ್ಷೆಗಳನ್ನು ಹೋಲಿಸಿ ನೋಡಿದ್ದರು. 2009ರಲ್ಲಿ ಫಲಿತಾಂಶ ಬಂತು: ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು, ತಪಾಸಣೆ ಮಾಡದ ಗುಂಪಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿದಿತ್ತು. ಎಚ್‌ಪಿವಿ ಪರೀಕ್ಷೆಗೆ ಸಂಕೋಚ ಇದ್ದವರು ಬ್ರಶ್‌ನಿಂದ ತಾವೇ ಮಾದರಿ ತೆಗೆದುಕೊಡಲೂ ಬರುತ್ತದೆ.

ಉತ್ತರ (ಲ್ಯಾಬ್ ಟೆಕ್ನೀಷಿಯನ್, ಬೆಳಗಾವಿ): ಪ್ಯಾಪ್ ಬಗ್ಗೆ ಒಂದು ಮಾತು. ಎರಡು ದಿನ ಮುಂಚೆಯಿಂದ ಗಂಡನ ಜೊತೆ ಸೇರುವುದು, ಒಳಗೆ ಗುಳಿಗೆ-ಕ್ರೀಮ್ ಇಡುವುದು, ಒಳಗೆ ನೀರು ಹಾಕಿ ತೊಳೆಯುವುದು ಬೇಡ. ಸ್ಲೈಡ್ ಎಳೆದ ತಕ್ಷಣ 95% ಆಲ್ಕೋಹಾಲಿನಲ್ಲಿ ಮುಳುಗಿಸಬೇಕು. ಗಾಳಿಗೆ ಒಣಗಿತೆಂದರೆ ಕೋಶ ಉಬ್ಬಿ ಓದಲು ಬರುವುದಿಲ್ಲ. ರಿಪೋರ್ಟಿನಲ್ಲಿ "ಅನ್‌ಸ್ಯಾಟಿಸ್ಫ್ಯಾಕ್ಟರಿ" ಅಂತ ಬಂದರೆ ಅದನ್ನು ನಾರ್ಮಲ್ ಅಂತ ಕಪಾಟಿನಲ್ಲಿ ಇಡಬೇಡಿ, ಮತ್ತೆ ಕೊಡಬೇಕು.

ಪ್ರಶ್ನೆ (ಇಂಡಿ): ನಮ್ಮ ಅಕ್ಕಗ ವಿಐಎ ಪಾಸಿಟಿವ್ ಬಂದೈತ್ರೀ. ಮನ್ಯಾಗ ಎಲ್ಲಾರೂ ಅಳಾಕತ್ತಾರ.

ಉತ್ತರ (ಸ್ತ್ರೀರೋಗ ತಜ್ಞೆ): ಅಳಬ್ಯಾಡ್ರಿ ಅನ್ರಿ. ಪಾಸಿಟಿವ್ ಅಂದರೆ ಬಿಳಿ ಕಲೆ ಕಂಡಿದೆ ಅಂತ, ಕ್ಯಾನ್ಸರ್ ಅಂತಲ್ಲ. ಸೋಂಕು, ಬಾವು ಇದ್ದರೂ ಬಿಳಿ ಕಾಣುತ್ತದೆ. ಮುಂದಿನದು ಕಾಲ್ಪೋಸ್ಕೋಪಿ (ಕೊರಳನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುವುದು), ಬೇಕೆನಿಸಿದರೆ ಬಯಾಪ್ಸಿ (ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು). ಸಣ್ಣ ಕಲೆಯಾದರೆ ಬಿಸಿಯಿಂದ ಸುಡುವುದೋ ತಂಪಿನಿಂದ ಹೆಪ್ಪುಗಟ್ಟಿಸುವುದೋ ಮಾಡಿ ಅವತ್ತೇ ಮನೆಗೆ ಕಳಿಸುತ್ತಾರೆ. ಆಮೇಲೆ ಕೆಲವು ವಾರ ನೀರುನೀರಾಗಿ ಹೋಗುತ್ತದೆ, ಗಾಬರಿ ಬೇಡ. ಗರ್ಭಚೀಲ ತೆಗೆಯುವ ಮಾತು ಯಾರಾದರೂ ಬಯಾಪ್ಸಿಗೆ ಮೊದಲೇ ಎತ್ತಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಪ್ರಶ್ನೆ (ಮುಧೋಳ): ನಂದು ಗರ್ಭಚೀಲಾನ ತಗದಾರ್ರೀ. ನಾನೂ ಬರಬೇಕೇನು?

ಉತ್ತರ (ಸ್ತ್ರೀರೋಗ ತಜ್ಞೆ): ಗರ್ಭಚೀಲದ ಜೊತೆ ಕೊರಳೂ ಹೋಗಿದೆಯೇ ನೋಡಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ "ಟೋಟಲ್" ಅಂತಿದ್ದು, ತೆಗೆದದ್ದು ಗಡ್ಡೆಗೋ ಅತಿ ರಕ್ತಸ್ರಾವಕ್ಕೋ ಆಗಿದ್ದು, ಬಯಾಪ್ಸಿ ಸ್ವಚ್ಛ ಇದ್ದರೆ ಈ ಪರೀಕ್ಷೆ ಬೇಡ. "ಸಬ್‌ಟೋಟಲ್" ಅಂತಿದ್ದರೆ ಕೊರಳು ಉಳಿದಿದೆ, ಬೇಕೇ ಬೇಕು. ಕಾರ್ಡ್ ಕಳೆದಿದ್ದರೆ ಒಮ್ಮೆ ಸ್ಪೆಕ್ಯುಲಮ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಆದರೆ ಸ್ತನ ಮತ್ತು ಬಾಯಿಯ ತಪಾಸಣೆಗೆ ನೀವೂ ಬರಬೇಕು. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಗರ್ಭಕೊರಳು, ಸ್ತನ, ಬಾಯಿ ಈ ಮೂರರ ತಪಾಸಣೆಯೂ ಐದು ವರ್ಷಕ್ಕೊಮ್ಮೆ. ಸ್ತನದ ಗಂಟು ಮೊದಲಿಗೆ ಬಹುತೇಕ ನೋಯುವುದಿಲ್ಲ, ಅದಕ್ಕೇ ಹೆಂಗಸರು ಕಡೆಗಣಿಸುತ್ತಾರೆ. ಮಿಶ್ರಿ (ಸುಟ್ಟ ತಂಬಾಕಿನ ಪುಡಿ) ತಿಕ್ಕುವವರು, ತಂಬಾಕು ಒತ್ತುವವರು ಕನ್ನಡಿ ಮುಂದೆ ಬಾಯಿ ತೆಗೆದು ಮೂರು ಬೆರಳು ನೆಟ್ಟಗೆ ಹೋಗುತ್ತವೆಯೇ ನೋಡಿಕೊಳ್ಳಿ. ಹೋಗದಿದ್ದರೆ, ಅಥವಾ ಬಿಳಿ-ಕೆಂಪು ಕಲೆಯೋ ಹುಣ್ಣೋ ಎರಡು ವಾರದಲ್ಲಿ ಮಾಯದಿದ್ದರೆ, ಶಿಬಿರದ ದಿನಕ್ಕೆ ಕಾಯದೆ ಈ ವಾರವೇ ತೋರಿಸಿ.