ಡಾಕ್ಟ್ರ ವಾಲಿ ಬಿಡಿ, ಅದರ ಹಿಂದಿನ ಬಾಲ್ ನೋಡಿ

ಕಾಕಾ, ನಮಸ್ಕಾರ ರೀ. ಗ್ರೂಪಿನಲ್ಲಿ ನೀವು ಹಾಕಿದ ಮೆಸೇಜು ಈಗ ನೋಡಿದೆ. ಬೀದರದವರ ಎದುರು ಟೆನಿಸ್ ಪಂದ್ಯದಲ್ಲಿ ಮೂರು ಡಬಲ್ಸ್‌ನಲ್ಲಿ ಎರಡು ಸೋತೆವು. ಮೊದಲನೇ ಜೋಡಿಯಲ್ಲಿ ಡಾಕ್ಟ್ರು ನೆಟ್ ಹತ್ತಿರ ಅಷ್ಟೊಂದು ವಾಲಿ (ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಬಾಲ್) ಬಿಟ್ಟರು, ಮುಂದಿನ ಸಲ ಅವರನ್ನು ಕೂರಿಸಿ, ನಮ್ಮ ಇಬ್ಬರು ಜೋರು ಆಟಗಾರರನ್ನೇ ಒಂದು ಜೋಡಿ ಮಾಡಿ ಅಂತ ನೀವು ಬರೆದಿದ್ದೀರಿ. ಅದರ ಕೆಳಗೆ ಆಗಲೇ ಏಳೆಂಟು ಮಂದಿ ಹೆಬ್ಬೆಟ್ಟು ಒತ್ತಿದ್ದಾರೆ. ಡಾಕ್ಟ್ರೂ ಇದೇ ಗ್ರೂಪಿನಲ್ಲಿದ್ದಾರೆ, ಓದಿ ಸುಮ್ಮನಿದ್ದಾರೆ. ಜೋಡಿಗಳ ಪಟ್ಟಿ ಬರೆದವನು ನಾನು, ಹಾಗಾಗಿ ಉತ್ತರವೂ ನಾನೇ ಕೊಡಬೇಕು. ಸ್ವಲ್ಪ ಉದ್ದ ಆಗುತ್ತದೆ, ಚಹಾ ಕುಡಿಯುತ್ತಾ ಕೇಳಿ.

ಮೊದಲು ಆ ವಾಲಿಗಳ ಮಾತು. ನೀವು ಕಟ್ಟೆ ಮೇಲೆ ಕೂತು ನೋಡಿದಿರಿ, ಬಾಲ್ ಡಾಕ್ಟ್ರ ರಾಕೆಟ್ಟಿಗೆ ಬಡಿದು ಹೊರಗೆ ಹೋಯಿತು. ತಪ್ಪು ಅವರದು ಅಂತ ಬರೆದುಕೊಂಡಿರಿ. ಅದಕ್ಕಿಂತ ಒಂದು ಬಾಲ್ ಹಿಂದೆ ಏನಾಯಿತು ನೆನಪಿದೆಯಾ? ಬೀದರದ ಆ ಎಡಗೈ ಹುಡುಗ ಸರ್ವ್ ಮಾಡುತ್ತಿದ್ದ. ಬಾಲ್ ಬಿದ್ದ ಮೇಲೆ ಕೋರ್ಟಿನ ಹೊರಗೆ ದೂರ ಸರಿದು ಹೋಗುತ್ತಿತ್ತು. ನಮ್ಮ ಬ್ಯಾಂಕಿನ ಅಣ್ಣ ಓಡಿ ಹೋಗಿ ಹೇಗೋ ಮುಟ್ಟುತ್ತಿದ್ದರು, ಬಾಲ್ ಎತ್ತರಕ್ಕೆ ಮೆಲ್ಲಗೆ ತೇಲಿ ಬರುತ್ತಿತ್ತು. ಎದುರಿನ ನೆಟ್ ಆಟಗಾರ ಕಾದು ನಿಂತಿದ್ದವನು ಅದನ್ನು ಡಾಕ್ಟ್ರ ಕಾಲಿಗೇ ಹೊಡೆಯುತ್ತಿದ್ದ. ಇಬ್ಬರ ನಡುವೆ ಇರುವ ದೂರ ಸುಮಾರು 20 ಅಡಿ. ಅಷ್ಟು ಹತ್ತಿರದಿಂದ ಹೊಡೆದ ಬಾಲ್ ಬರಲು ಅರ್ಧ ಸೆಕೆಂಡೂ ಬೇಡ. ಅದನ್ನು ವಾಪಸ್ ಹಾಕಿದರೆ ಅದೃಷ್ಟ. ರೊಟ್ಟಿ ಹರಿದರೆ ಹಂಚಿನ ಮೇಲೆ ಹಾಕಿದವರನ್ನು ಬೈಯುವುದಲ್ಲ, ಹಿಟ್ಟು ನಾದಿದ್ದು ಹೇಗೆ ಅಂತ ಕೇಳಬೇಕು, ಅಲ್ವಾ?

ಹಾಗಂತ ಈಗ ಬ್ಯಾಂಕಿನ ಅಣ್ಣನ ಮೇಲೆ ಹೊರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಸರ್ವಿಗೆ ಯಾರು ನಿಂತಿದ್ದರೂ ಮೊದಲ ನಾಲ್ಕು ಬಾಲ್ ಹಾಗೇ ತೇಲುತ್ತಿದ್ದವು. ಡಬಲ್ಸ್‌ನಲ್ಲಿ ಪಾಯಿಂಟ್ ಹೋಗುವುದು ಹೀಗೆಯೇ. ಕೆಡುವುದು ಒಬ್ಬರ ಕೈಯಲ್ಲಿ, ಕಾಣುವುದು ಇನ್ನೊಬ್ಬರ ಕೈಯಲ್ಲಿ. ಕೊನೆಗೆ ಮುಟ್ಟಿದವರ ಹೆಸರು ಬರೆಯುತ್ತಾ ಹೋದರೆ ನೆಟ್ ಹತ್ತಿರ ನಿಲ್ಲುವ ಧೈರ್ಯವೇ ಯಾರಿಗೂ ಉಳಿಯುವುದಿಲ್ಲ.

ಇನ್ನೊಂದು, ನೀವು ಯಾರೂ ಗಮನಿಸಲಿಲ್ಲ. ಎರಡನೇ ಸೆಟ್ಟಿನಲ್ಲಿ ಆ ಎಡಗೈ ಹುಡುಗ ಸರ್ವ್‌ಗೆ ಬಂದಾಗ ಡಾಕ್ಟ್ರು ತಾವೇ ನೆಟ್ ಬಿಟ್ಟು ಬೇಸ್‌ಲೈನಿಗೆ, ಅಂದರೆ ಕೋರ್ಟಿನ ಹಿಂದಿನ ಗೆರೆಗೆ, ಬಂದು ನಿಂತರು. ಇಬ್ಬರೂ ಹಿಂದೆ. ಆಗ ಎದುರಿನವನಿಗೆ ಹತ್ತಿರದಲ್ಲಿ ಹೊಡೆಯಲು ಯಾರ ಕಾಲೂ ಇಲ್ಲ. ಅವನು ಜೋರಾಗಿ ಹೊಡೆದ ಬಾಲೂ ನಮ್ಮವರಿಗೆ ಒಂದು ಪುಟ ಬಿದ್ದು ಬರುತ್ತಿತ್ತು, ಎದುರಿನವರ ತಲೆ ಮೇಲಿಂದ ಲಾಬ್ ಎತ್ತಲು ಹೊತ್ತು ಸಿಗುತ್ತಿತ್ತು. ಮೊದಲ ಸೆಟ್ 6-2, ಎರಡನೆಯದು 7-5. ಎರಡೂ ಸೋತೆವು ನಿಜ. ಆದರೆ ಆ ವ್ಯತ್ಯಾಸ ಮಾಡಿದ್ದು ಡಾಕ್ಟ್ರ ತಲೆ. ನೀವು ಕೂರಿಸಿ ಅನ್ನುತ್ತಿರುವುದು ಅದೇ ಮನುಷ್ಯನನ್ನು.

ಈಗ ಜೋರು ಆಟಗಾರರ ಜೋಡಿ. ನಮ್ಮ ಇಂಜಿನಿಯರ್ ಹುಡುಗ, ಸೇಡಂ ರೋಡಿನ ತಮ್ಮ, ಇಬ್ಬರೂ ಸಿಂಗಲ್ಸ್‌ನಲ್ಲಿ ನಮ್ಮನ್ನೆಲ್ಲ ಹಣಿಯುತ್ತಾರೆ. ಒಪ್ಪಿದೆ. ಆದರೆ ನಾವು ಆಡುವುದು ಮೂರು ಪಂದ್ಯ, ಗೆಲ್ಲಬೇಕಾದ್ದು ಎರಡು. ಅವರಿಬ್ಬರನ್ನೂ ಒಂದೇ ಕಡೆ ಹಾಕಿದರೆ 6-1, 6-1 ಗೆಲ್ಲುತ್ತಾರೆ, ಸಿಗುವುದು ಒಂದೇ ಪಾಯಿಂಟ್. ಉಳಿದ ಎರಡು ಜೋಡಿ ಬಡವಾಗುತ್ತವೆ. ನೀವು ಲಿಯಾಂಡರ್ ಪೇಸ್-ಮಹೇಶ್ ಭೂಪತಿ ಉದಾಹರಣೆ ಕೊಟ್ಟಿದ್ದೀರಿ. ಅವರು ದೇಶ-ದೇಶಗಳ ನಡುವಿನ ಡೇವಿಸ್ ಕಪ್ ಡಬಲ್ಸ್‌ನಲ್ಲಿ ಸತತ 24 ಪಂದ್ಯ ಗೆದ್ದವರು, 1999ರಲ್ಲಿ ಫ್ರೆಂಚ್ ಓಪನ್, ವಿಂಬಲ್ಡನ್ ಎರಡೂ ಎತ್ತಿದವರು. ಆದರೆ ಕಾಕಾ, ಆಗಿನ ಡೇವಿಸ್ ಕಪ್‌ನಲ್ಲಿ ನಾಲ್ಕು ಸಿಂಗಲ್ಸ್, ಒಂದೇ ಒಂದು ಡಬಲ್ಸ್. ಇರುವುದು ಒಂದೇ ಡಬಲ್ಸ್ ಆದರೆ ಇರುವ ಒಳ್ಳೆ ಇಬ್ಬರನ್ನು ಅಲ್ಲಿ ಹಾಕದೆ ಏನು ಮಾಡುತ್ತಾರೆ? ನಮ್ಮಲ್ಲಿ ಮೂರಕ್ಕೆ ಮೂರೂ ಡಬಲ್ಸ್. ಲೆಕ್ಕವೇ ಬೇರೆ.

ಇನ್ನು ಸಿಂಗಲ್ಸ್ ಚೆನ್ನಾಗಿ ಆಡುವವರು ಡಬಲ್ಸೂ ಆಡುತ್ತಾರೆ ಅನ್ನುವುದು ಅರ್ಧ ಸತ್ಯ. ಕೋರ್ಟ್ 78 ಅಡಿ ಉದ್ದ. ಅಗಲ ಸಿಂಗಲ್ಸ್‌ಗೆ 27 ಅಡಿ, ಡಬಲ್ಸ್‌ಗೆ 36. ಅಂದರೆ ಪಕ್ಕದಲ್ಲಿ ನಾಲ್ಕೂವರೆ ನಾಲ್ಕೂವರೆ ಅಡಿ ಮಾತ್ರ ಜಾಸ್ತಿ, ಕಾಯುವವರು ಮಾತ್ರ ಇಬ್ಬರು. ಸಿಂಗಲ್ಸ್‌ನಲ್ಲಿ ಗೆರೆಗೆ ಹೊಡೆದು ಗೆಲ್ಲುವ ನಮ್ಮ ಇಂಜಿನಿಯರ್ ಹುಡುಗ ಇಲ್ಲೂ ಗೆರೆಗೇ ಹೊಡೆಯುತ್ತಾನೆ. ಅಲ್ಲಿ ನೆಟ್ ಆಟಗಾರ ನಿಂತಿರುತ್ತಾನೆ. ಮೇಲಾಗಿ ಕಂಬದ ಹತ್ತಿರ ನೆಟ್ ಮೂರೂವರೆ ಅಡಿ, ನಡುವೆ ಮೂರೇ ಅಡಿ. ಡಬಲ್ಸ್‌ನಲ್ಲಿ ಸಂದು ಇರುವುದೂ ಆ ನಡುವೆಯೇ, ನೆಟ್ ತಗ್ಗಿರುವುದೂ ಅಲ್ಲೇ. ನಮ್ಮ ಮಾಸ್ತರು ಆಡುವುದು ಬರೀ ಅಲ್ಲಿಗೇ. ಮೆಲ್ಲಗೆ, ಇಬ್ಬರ ನಡುವೆ. ಎದುರಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಬಾಲ್ ದಾಟಿ ಹೋಗಿರುತ್ತದೆ. ನಾವು ಗೆದ್ದ ಒಂದು ಪಂದ್ಯ ಮಾಸ್ತರದ್ದು ಅನ್ನುವುದನ್ನು ನಿಮ್ಮ ಮೆಸೇಜಿನಲ್ಲಿ ಯಾಕೋ ಬಿಟ್ಟಿದ್ದೀರಿ.

ವಯಸ್ಸಿನ ಮಾತೂ ಒಬ್ಬರು ಎತ್ತಿದ್ದಾರೆ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43. ಆಗಲೇ ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್ ಕೂಡ ಆದರು. ನಮ್ಮದು ಆ ಮಟ್ಟ ಅಲ್ಲ, ಬಿಡಿ. ಆದರೆ ಅರ್ಧ ಕೋರ್ಟ್ ಓಡಿದರೆ ಸಾಕಾಗುವ ಆಟದಲ್ಲಿ ವಯಸ್ಸು ಅಂತ ಮೊದಲೇ ಗೆರೆ ಎಳೆಯುವುದು ಬೇಡ.

ಈಗ ನಿಜವಾಗಿ ನಾವು ಮಾತಾಡಬೇಕಾದ ವಿಷಯಕ್ಕೆ ಬರುತ್ತೇನೆ. ಡಬಲ್ಸ್‌ನಲ್ಲಿ ಒಂದು ಚಂದದ ಲೆಕ್ಕ ಇದೆ. 6-6ರ ಟೈಬ್ರೇಕ್ ಬಿಟ್ಟರೆ, ಒಂದು ಸೆಟ್ಟಿನಲ್ಲಿ ಪ್ರತಿ ಆಟಗಾರ ಯಾವಾಗಲೂ ಒಂದೇ ತುದಿಯಿಂದ ಸರ್ವ್ ಮಾಡುತ್ತಾನೆ. ಬೇಕಾದರೆ ಕಾಗದದ ಮೇಲೆ ಬರೆದು ನೋಡಿ. ಮೊದಲನೇ ಗೇಮ್ ಆದ ಮೇಲೆ ತುದಿ ಬದಲು, ಆಮೇಲೆ ಎರಡು ಗೇಮಿಗೊಮ್ಮೆ ಬದಲು. ಸರ್ವ್ ನಾಲ್ವರಲ್ಲಿ ಸುತ್ತಿ ಬರುತ್ತದೆ. ಹಾಗಾಗಿ ನನ್ನ ಸರ್ವ್ ಮತ್ತೆ ಬರುವ ಹೊತ್ತಿಗೆ ನಾನು ಅದೇ ತುದಿಯಲ್ಲಿರುತ್ತೇನೆ. ಇದರಿಂದ ಏನು ಲಾಭ? ನಮ್ಮ ಕಲಬುರಗಿಯ ಬಿಸಿಲು ನಿಮಗೆ ಹೇಳಬೇಕಾ. ಬೇಸಿಗೆಯಲ್ಲಿ 40 ದಾಟುತ್ತದೆ ಅಂತ ಆರಕ್ಕೇ ಶುರು ಮಾಡುತ್ತೇವೆ, ಆಗ ಸೂರ್ಯ ಪೂರ್ವದಲ್ಲಿ ತಗ್ಗಿನಲ್ಲೇ ಇರುತ್ತಾನೆ. ಕೋರ್ಟ್ ಉತ್ತರ-ದಕ್ಷಿಣ. ದಕ್ಷಿಣದ ತುದಿಯಿಂದ ಸರ್ವ್ ಮಾಡುವ ಬಲಗೈಯವರು ಬಾಲ್ ಎಸೆದು ಬಲಕ್ಕೆ ನೋಡಿದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಎಡಗೈಯವರಿಗೆ ಆ ತೊಂದರೆ ಕಡಿಮೆ, ಅವರು ಎಸೆಯುವುದು ಎಡಕ್ಕೆ. ನಮ್ಮಲ್ಲಿ ಎಡಗೈ ಇರುವವರು ಒಬ್ಬರೇ, ಬ್ಯಾಂಕಿನ ಅಣ್ಣ. ಅವರ ಸರ್ವ್ ದಕ್ಷಿಣದ ತುದಿಗೆ ಬರುವ ಹಾಗೆ ಸೆಟ್ ಶುರುವಿನಲ್ಲೇ ಸರದಿ ಇಟ್ಟುಕೊಂಡರೆ ಇಡೀ ಸೆಟ್ ಡಾಕ್ಟ್ರ ಕಣ್ಣಿಗೆ ಬಿಸಿಲಿಲ್ಲ. ಒಮ್ಮೆ ಶುರುವಾದ ಸರದಿಯನ್ನು ಸೆಟ್ ನಡುವೆ ಬದಲಿಸುವಂತಿಲ್ಲ, ಮುಂದಿನ ಸೆಟ್ಟಿಗೆ ಬದಲಿಸಬಹುದು. ರಿಟರ್ನ್, ಅಂದರೆ ಸರ್ವ್ ವಾಪಸ್ ಹೊಡೆಯುವುದು, ಯಾರು ಯಾವ ಕಡೆಯಿಂದ ಅನ್ನುವುದಕ್ಕೂ ಇದೇ ನಿಯಮ. ಬೀದರದ ಆ ಎಡಗೈ ಹುಡುಗನ ಸರ್ವ್‌ಗೆ ಬ್ಯಾಂಕಿನ ಅಣ್ಣನನ್ನು ಇನ್ನೊಂದು ಕಡೆ ನಿಲ್ಲಿಸಿದ್ದರೆ ಅರ್ಧ ತಲೆನೋವು ಹೋಗುತ್ತಿತ್ತು ಅಂತ ಬೀದರದವರೇ ಊಟದ ಹೊತ್ತಿಗೆ ನಗುತ್ತಾ ಹೇಳಿದರು. ಒಳ್ಳೆಯ ಜನ.

ಇನ್ನೊಂದು ನೆನಪಾಯಿತು. 2023ರಲ್ಲಿ ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿ ನಡೆಯಿತಲ್ಲ, ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದದ್ದು. ಊರೆಲ್ಲ ಸಿಂಗಲ್ಸ್ ಮಾತಾಡಿತು. ನಾನು ಡಬಲ್ಸ್ ಕೋರ್ಟಿನ ಪಕ್ಕ ಕೂತಿರುತ್ತಿದ್ದೆ. ಪಾಯಿಂಟ್ ಗೆದ್ದರೂ ಸರಿ, ಸೋತರೂ ಸರಿ, ಇಬ್ಬರೂ ಹತ್ತಿರ ಬಂದು ಕೈ ತಟ್ಟಿ, ಏನೋ ಪಿಸುಗುಟ್ಟಿ, ಆಮೇಲೆ ಜಾಗಕ್ಕೆ ಹೋಗುತ್ತಿದ್ದರು. ನಮ್ಮಲ್ಲಿ ಏನಾಗುತ್ತದೆ? ಪಾಯಿಂಟ್ ಹೋದರೆ ಒಬ್ಬರು ಆಕಾಶ ನೋಡುತ್ತಾರೆ, ಇನ್ನೊಬ್ಬರು ಸಾರಿ ಸಾರಿ ಅನ್ನುತ್ತಾ ರಾಕೆಟ್ಟಿನ ತಂತಿ ನೇರ ಮಾಡುತ್ತಾರೆ. ಆ ಉಸಿರು ಬಿಡುವ ಸದ್ದು ಇದೆಯಲ್ಲ, ಬೈಗುಳಕ್ಕಿಂತ ಅದು ಕೆಟ್ಟದು. ಬಾಲ್ ತಲೆ ಮೇಲೆ ಬಂದಾಗ ಮಾತ್ರ ಇಬ್ಬರೂ ಬಾಯಿ ಬಿಡುವುದಿಲ್ಲ. ಬೀದರದವರು ನೋಡಿ, ಒಬ್ಬ “ನಂದು” ಅಂದ, ಒಬ್ಬ “ಮೇರಾ” ಅಂದ, ಯಾವ ಭಾಷೆಯಾದರೇನು, ಪ್ರತಿ ಬಾಲಿಗೂ ಕೂಗಿದರು. ಲಾಬ್ ಬಂದರೆ ಹಿಂದಿರುವವರು ಕೂಗಬೇಕು, ಅವರಿಗೇ ಬಾಲೂ ಕಾಣುತ್ತದೆ, ಪಾರ್ಟ್ನರೂ ಕಾಣುತ್ತಾರೆ. ಇದನ್ನು ಕಲಿಯಲು ಜೋರು ಆಟ ಬೇಕಿಲ್ಲ.

ಹಾಗಾಗಿ ಕಾಕಾ, ಜೋಡಿ ಒಡೆಯುವುದಿಲ್ಲ. ಡಾಕ್ಟ್ರು, ಬ್ಯಾಂಕಿನ ಅಣ್ಣ ಒಟ್ಟಿಗೇ ಆಡುತ್ತಾರೆ, ರಿಟರ್ನ್ ಕಡೆ ಮಾತ್ರ ಅದಲು ಬದಲು. ಇಂಜಿನಿಯರ್ ಹುಡುಗನನ್ನು ಮಾಸ್ತರ ಜೊತೆ ಹಾಕುತ್ತೇನೆ, ನಡುವೆ ಹೊಡೆಯುವುದು ಅವರ ಹತ್ತಿರ ಕಲಿಯಲಿ. ಸೇಡಂ ರೋಡಿನ ತಮ್ಮನ ಜೊತೆ ನಾನು. ಒಂದೊಂದು ಸೆಟ್ ಆದರೆ ಮೂರನೆಯದಕ್ಕೆ ಪೂರ್ತಿ ಸೆಟ್ ಬದಲು 10 ಪಾಯಿಂಟಿನ ಸೂಪರ್ ಟೈಬ್ರೇಕ್ ಅಂತ ಬೀದರದವರ ಜೊತೆ ಮಾತಾಗಿದೆ. ಡ್ಯೂಸ್ (40-40 ಸಮ) ಆದರೆ ಒಂದೇ ಪಾಯಿಂಟ್, ಯಾರು ರಿಟರ್ನ್ ಮಾಡುವುದು ಅಂತ ಆರಿಸುವುದು ರಿಟರ್ನ್ ಮಾಡುವ ಜೋಡಿ. ಆ ಪಾಯಿಂಟಿಗೆ ಯಾರು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ, ಕೋರ್ಟಿನಲ್ಲಿ ನಿಂತು ನೀವು-ನೀವು ಅನ್ನುವುದು ಬೇಡ.

ನಿಮಗೂ ಒಂದು ಕೆಲಸ ಇದೆ ರೀ. ಭಾನುವಾರ ಪ್ರಾಕ್ಟೀಸಿಗೆ ನೋಟ್‌ಬುಕ್ ಹಿಡಿದು ಬನ್ನಿ. ಪಾಯಿಂಟ್ ಹೋದಾಗ ಕೊನೆಯ ಬಾಲ್ ಬರೆಯಬೇಡಿ, ಅದರ ಹಿಂದಿನ ಬಾಲ್ ಯಾರದ್ದು, ಎಲ್ಲಿ ಬಿತ್ತು ಅಷ್ಟೇ ಬರೆಯಿರಿ. ಡಾಕ್ಟ್ರೇ, ನೀವು ಕೇಳುತ್ತಿದ್ದೀರಿ ಅಂತ ಗೊತ್ತು, ಆರಕ್ಕೆ ಬಂದುಬಿಡಿ. ಹೊಸ ಬಾಲಿನ ಡಬ್ಬಿ ಈ ಸಲ ಯಾರ ಸರದಿ?